ದಾರ ಬಿಟ್ಟರೆ ದಾರಿಯಿಲ್ಲ

ಮೆಕ್ಸಿಕೊ ದೇಶದ ಕಾಡೊಂದರ ನೆಲದಡಿ ನೂರಾರು ಕಿಲೋಮೀಟರ್ ಉದ್ದದ ಗುಹೆಗಳಿವೆ. ಅವುಗಳ ತುಂಬ ನೀರು ಮತ್ತು ಕತ್ತಲು. ಅಲ್ಲಿಗೆ ಈಜುತ್ತ ಹೋಗಿ ಜೀವಂತವಾಗಿ ಮರಳುವವರನ್ನು ಕಾಯುವುದು ಒಂದು ತೆಳ್ಳನೆಯ ದಾರ!

ಕೆರೆಯಲ್ಲೋ ಈಜುಕೊಳದಲ್ಲೋ ಮುಳುಗು ಹಾಕಿದ್ದೀರಾ? ಉಸಿರು ಸಾಲದೆ ಬಂದಾಗ ಏನು ಮಾಡುತ್ತೀರಿ? ಕಾಲಿನಿಂದ ಒಂದು ಒದೆತ, ತಲೆ ನೀರಿನಿಂದ ಹೊರಗೆ! ಸಮುದ್ರಕ್ಕೆ ಇಳಿಯುವ ಮುಳುಗುಗಾರರಿಗೂ ಕಷ್ಟ ಬಂದರೆ ಕೊನೆಯ ಆಸರೆ ಅದೇ, ಮೇಲಕ್ಕೆ ಹೋಗುವುದು.

ಈಗ ಬೇರೊಂದು ಜಾಗವನ್ನು ಕಲ್ಪಿಸಿಕೊಳ್ಳಿ. ಸುತ್ತಲೂ ನೀರು. ತಲೆಯ ಮೇಲೆ ಕಲ್ಲಿನ ಚಾವಣಿ. ಬಿಸಿಲು ಕಾಣುವ ಗುಹೆಯ ಬಾಯಿ ಒಂದು ಕಿಲೋಮೀಟರ್ ಹಿಂದೆ ಉಳಿದಿದೆ. ಕೈದೀಪ ಆರಿಸಿದರೆ ಅಮಾವಾಸ್ಯೆಯ ರಾತ್ರಿಗಿಂತ ದಟ್ಟವಾದ ಕತ್ತಲು. ಇಲ್ಲಿ ಏನೇ ಆದರೂ ಮೇಲಕ್ಕೆ ಹೋಗುವಂತಿಲ್ಲ. ಬಂದ ದಾರಿಯಲ್ಲೇ, ಬಂದಷ್ಟೇ ದೂರ ಈಜಿ ಹೊರಬರಬೇಕು.

ನೀರು ತುಂಬಿದ ಗುಹೆಗಳ ಅನ್ವೇಷಣೆ ಎಂದರೆ ಇದು. ಇಷ್ಟು ಅಪಾಯವಿದ್ದರೂ ಜನ ಅಲ್ಲಿಗೆ ಏಕೆ ಹೋಗುತ್ತಾರೆ? ಹೋದವರು ಹೇಗೆ ಮರಳುತ್ತಾರೆ? ಉತ್ತರ ಹುಡುಕಲು ಮೆಕ್ಸಿಕೊದ ಯುಕಟಾನ್ ಪರ್ಯಾಯ ದ್ವೀಪಕ್ಕೆ ಹೋಗೋಣ.

ನದಿ ಕಾಣದ ನಾಡು

ಯುಕಟಾನ್‌ನಲ್ಲಿ ಮಳೆ ಚೆನ್ನಾಗಿಯೇ ಸುರಿಯುತ್ತದೆ. ಆದರೆ ಅದರ ಉತ್ತರ ಭಾಗದಲ್ಲಿ ಹರಿಯುವ ನದಿಗಳೇ ಕಾಣುವುದಿಲ್ಲ. ಹಾಗಾದರೆ ಮಳೆ ನೀರೆಲ್ಲ ಎಲ್ಲಿಗೆ ಹೋಗುತ್ತದೆ? ನೆಲದೊಳಕ್ಕೆ! ಅಲ್ಲಿನ ನೆಲವೆಲ್ಲ ಸುಣ್ಣಕಲ್ಲು. ಮಳೆ ನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಈ ನೀರು ಸಾವಿರಾರು ವರ್ಷ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿ ಕೊರೆದು ನೆಲದಡಿ ಸುರಂಗಗಳನ್ನೇ ಮಾಡಿದೆ. ಅಲ್ಲಲ್ಲಿ ಸುರಂಗದ ಚಾವಣಿ ಕುಸಿದು ದೊಡ್ಡ ಬಾವಿಯಂಥ ಗುಂಡಿಗಳಾಗಿವೆ. ಅವುಗಳಿಗೆ ಸೆನೋಟೆ ಎಂದು ಹೆಸರು. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಯಿಂದ ಬಂದ ಪದ ಇದು.

ನದಿಯಿಲ್ಲದ ನಾಡಿನಲ್ಲಿ ಮಾಯಾ ಜನರಿಗೆ ಸೆನೋಟೆಯೇ ಜೀವಜಲ. ಅವು ಶಿಬಾಲ್ಬಾ ಎಂಬ ಪಾತಾಳಲೋಕದ ಬಾಗಿಲುಗಳು ಎಂದೂ ಅವರು ನಂಬಿದ್ದರು. ಚಿಚೆನ್ ಇಟ್ಜಾ ಎಂಬ ಪ್ರಾಚೀನ ನಗರದ ಪವಿತ್ರ ಸೆನೋಟೆಯ ತಳದಲ್ಲಿ ಚಿನ್ನ, ಹಸಿರು ಜೇಡ್ ಕಲ್ಲಿನ ಆಭರಣ ಮತ್ತು ಮನುಷ್ಯರ ಮೂಳೆಗಳು ಸಿಕ್ಕಿವೆ. ಮಳೆಯ ದೇವತೆ ಚಾಕ್‌ನನ್ನು ಒಲಿಸಿಕೊಳ್ಳಲು ಅರ್ಪಿಸಿದ ಕಾಣಿಕೆಗಳು, ಬಲಿಗಳು ಅವು.

ಯುಕಟಾನ್‌ನ ಪೂರ್ವ ತೀರದಲ್ಲಿ, ತುಲುಮ್ ಪಟ್ಟಣದ ಆಸುಪಾಸಿನಲ್ಲಿ, ಈ ಸೆನೋಟೆಗಳ ಬುಡದಿಂದ ಸುರಂಗಗಳು ಬೇರಿನಂತೆ ಕವಲೊಡೆದು ಹೋಗಿವೆ. 2018ರ ಜನವರಿಯಲ್ಲಿ ಮುಳುಗುಗಾರರು ‘ಸಾಕ್ ಆಕ್ತುನ್’ ಮತ್ತು ‘ದೋಸ್ ಓಹೋಸ್’ ಎಂಬ ಎರಡು ಗುಹಾಜಾಲಗಳು ನೀರಿನಡಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ ಎಂದು ಪತ್ತೆ ಮಾಡಿದರು. ಎರಡೂ ಸೇರಿ ಆಗ ಅಳೆದ ಉದ್ದ 347 ಕಿಲೋಮೀಟರ್! ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋಗುವಷ್ಟು ದೂರ. ಅಷ್ಟನ್ನೂ ಈಜುತ್ತ, ಸ್ವಲ್ಪ ಸ್ವಲ್ಪವೇ ಅಳೆದದ್ದು.

ತೊಂಗಲುಗಳು ಹೇಳುವ ಗುಟ್ಟು

ಈ ಗುಹೆಗಳ ಒಳಗಿನ ನೋಟ ಬೆರಗು ಹುಟ್ಟಿಸುತ್ತದೆ. ಚಾವಣಿಯಿಂದ ಸಾವಿರಾರು ಕಲ್ಲಿನ ತೊಂಗಲುಗಳು ಇಳಿಬಿದ್ದಿವೆ. ನೆಲದಿಂದ ಕಲ್ಲಿನ ಕಂಬಗಳು ಎದ್ದು ನಿಂತಿವೆ. ನೀರು ಎಷ್ಟು ತಿಳಿಯೆಂದರೆ ಮುಳುಗುಗಾರರು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತಾರೆ.

ಇಲ್ಲೊಂದು ಒಗಟು ಇದೆ. ಕಲ್ಲಿನ ತೊಂಗಲು ಬೆಳೆಯುವುದು ಚಾವಣಿಯಿಂದ ನೀರು ತೊಟ್ಟಿಕ್ಕುವಾಗ. ಪ್ರತಿ ಹನಿಯೂ ಕೂದಲೆಳೆಗಿಂತ ತೆಳುವಾದ ಸುಣ್ಣದ ಪದರವನ್ನು ಬಿಟ್ಟುಹೋಗುತ್ತದೆ. ನೀರು ತುಂಬಿದ ಗುಹೆಯಲ್ಲಿ ಹನಿ ತೊಟ್ಟಿಕ್ಕಲು ಸಾಧ್ಯವೇ ಇಲ್ಲವಲ್ಲ! ಅಂದರೆ ಒಂದು ಕಾಲದಲ್ಲಿ ಇವು ಒಣ ಗುಹೆಗಳಾಗಿದ್ದವು.

ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಭೂಮಿಯ ಬಹಳಷ್ಟು ನೀರು ಹಿಮಗಡ್ಡೆಯಾಗಿ ನೆಲದ ಮೇಲೆ ಕುಳಿತಿತ್ತು. ಸಮುದ್ರಮಟ್ಟ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ ಸಮುದ್ರ ಏರಿದಂತೆ ನೆಲದಡಿಯ ನೀರೂ ಏರಿ ಗುಹೆಗಳನ್ನು ತುಂಬಿತು. ಒಳಗಿದ್ದದ್ದೆಲ್ಲ ಇದ್ದಲ್ಲೇ ಉಳಿಯಿತು. ಗಾಳಿ, ಬಿಸಿಲು, ಮಳೆ ಯಾವುದೂ ಮುಟ್ಟದ ಹತ್ತಾರು ಸಾವಿರ ವರ್ಷಗಳ ಪೆಟ್ಟಿಗೆ ಅದು. ಪ್ರಾಣವನ್ನು ಪಣಕ್ಕಿಟ್ಟು ಜನ ಒಳಗೆ ಹೋಗುವುದು ಈ ಪೆಟ್ಟಿಗೆಯನ್ನು ನೋಡಲು.

ಮೂರರಲ್ಲಿ ಒಂದು ಪಾಲು

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲೂ ಇಂಥ ನೀರ್ಗುಹೆಗಳು ಬಹಳ. 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಆಗ ಶೆಕ್ ಎಕ್ಸ್‌ಲೀ ಎಂಬ ಮುಳುಗುಗಾರ ಒಂದು ಕೆಲಸ ಮಾಡಿದರು. ಒಂದೊಂದು ದುರಂತವೂ ಏಕೆ ಆಯಿತು ಎಂದು ಕೂತು ಪರಿಶೀಲಿಸಿ, 1979ರಲ್ಲಿ ಒಂದು ಪುಟ್ಟ ಪುಸ್ತಕ ಬರೆದರು. ಸತ್ತವರಲ್ಲಿ ಹೆಚ್ಚಿನವರು ಕೆಲವೇ ಕೆಲವು ತಪ್ಪುಗಳನ್ನು ಮಾಡಿದ್ದರು. ಹೊರಗಿನವರೆಗೆ ದಾರ ಕಟ್ಟಿರಲಿಲ್ಲ. ಮರಳಲು ಸಾಕಷ್ಟು ಗಾಳಿ ಉಳಿಸಿಕೊಂಡಿರಲಿಲ್ಲ. ಮಿತಿ ಮೀರಿ ಆಳಕ್ಕೆ ಇಳಿದಿದ್ದರು. ಇಂದು ಜಗತ್ತಿನಾದ್ಯಂತ ಗುಹೆಯ ಮುಳುಗುಗಾರರು ಪಾಲಿಸುವ ನಿಯಮಗಳು ಈ ಪಾಠದಿಂದ ಬೆಳೆದವು.

ಮೊದಲನೆಯದು ತರಬೇತಿ. ಸಮುದ್ರದಲ್ಲಿ ನೂರು ಸಲ ಮುಳುಗಿದವರೂ ಗುಹೆಗೆ ಬೇರೆಯೇ ಪಾಠ ಕಲಿಯಬೇಕು. ಎಷ್ಟೋ ಗುಹೆಗಳ ಬಾಯಲ್ಲಿ, ತರಬೇತಿ ಇಲ್ಲದವರು ಮುಂದೆ ಹೋಗಬೇಡಿ, ಹೋದರೆ ಸಾವು ಎಂಬ ಎಚ್ಚರಿಕೆಯ ಫಲಕವನ್ನು ನೀರಿನೊಳಗೇ ನಿಲ್ಲಿಸಿದ್ದಾರೆ.

ಎರಡನೆಯದು ದಾರ. ಗಾಳಿಪಟದ ದಾರದಂತೆ ರೀಲಿಗೆ ಸುತ್ತಿದ ನೈಲಾನ್ ಹುರಿ ಅದು. ಬಿಸಿಲು ಕಾಣುವ ಜಾಗದಲ್ಲಿ ಅದರ ತುದಿಯನ್ನು ಕಲ್ಲಿಗೆ ಬಿಗಿದು, ಬಿಚ್ಚುತ್ತ ಒಳಗೆ ಹೋಗುತ್ತಾರೆ. ಅಲ್ಲಲ್ಲಿ ಬಾಣದ ಆಕಾರದ ಪ್ಲಾಸ್ಟಿಕ್ ತುಂಡುಗಳನ್ನು ದಾರಕ್ಕೆ ಸಿಕ್ಕಿಸುತ್ತಾರೆ. ಬಾಣದ ಮೊನೆ ಹೊರಗಿನ ದಾರಿಯತ್ತ. ಕಣ್ಣಿಗೆ ಕಾಣದಿದ್ದರೂ ಬೆರಳಿನಿಂದ ಮುಟ್ಟಿ ತಿಳಿಯಬಹುದು.

ನೀರು ಅಷ್ಟು ತಿಳಿಯಾಗಿದ್ದರೆ ದಾರ ಏಕೆ ಬೇಕು ಎಂದು ಕೇಳುತ್ತೀರಾ? ಗುಹೆಯ ನೆಲದಲ್ಲಿ ಹಿಟ್ಟಿನಷ್ಟು ನುಣುಪಾದ ಹೂಳು ಕೂತಿರುತ್ತದೆ. ಕಾಲು ಒಮ್ಮೆ ತಪ್ಪಾಗಿ ಬಡಿದರೆ ಸಾಕು, ಹೂಳೆದ್ದು ಕ್ಷಣದಲ್ಲಿ ಏನೂ ಕಾಣದಂತಾಗುತ್ತದೆ. ಕನ್ನಡಕದ ಮುಂದೆ ಹಿಡಿದ ಕೈಯೂ ಕಾಣುವುದಿಲ್ಲ. ಅದು ಮತ್ತೆ ತಿಳಿಯಾಗಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಕಾಯಲು ಗಾಳಿ ಎಲ್ಲಿದೆ? ಹಾಗಾಗಿಯೇ ಇವರು ಕಾಲನ್ನು ಮೇಲೆ ಕೆಳಗೆ ಬಡಿಯದೆ, ಕಪ್ಪೆಯಂತೆ ಪಕ್ಕಕ್ಕೆ ಮೆಲ್ಲಗೆ ಆಡಿಸಿ ಈಜುತ್ತಾರೆ.

ಮೂರನೆಯದು ಗಾಳಿಯ ಲೆಕ್ಕ. ಸಿಲಿಂಡರಿನ ಗಾಳಿಯನ್ನು ಮೂರು ಪಾಲು ಮಾಡುತ್ತಾರೆ. ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯದು ಆಪತ್ತಿಗೆ. ಸಿಲಿಂಡರಿನ ಒತ್ತಡ 210 ಬಾರ್ ಇದ್ದರೆ 70 ಮುಗಿದ ಕೂಡಲೇ, ಅಂದರೆ ಮುಳ್ಳು 140ಕ್ಕೆ ಬಂದಾಗ, ತಿರುಗಲೇಬೇಕು. ಆ ಕೊನೆಯ ಪಾಲು ತನಗಾಗಿ ಮಾತ್ರ ಅಲ್ಲ. ಜೊತೆಗಾರನ ಗಾಳಿ ಕೈಕೊಟ್ಟರೆ ಅವನನ್ನೂ ಹೊರಗೆ ತರಲು ಬೇಕಾದ ಪಾಲು ಅದು.

ನಾಲ್ಕನೆಯದು ಆಳದ ಮಿತಿ. ಆಳಕ್ಕೆ ಹೋದಷ್ಟೂ ಒತ್ತಡ ಹೆಚ್ಚಿ, ಉಸಿರಾಡಿದ ಸಾರಜನಕ ರಕ್ತದಲ್ಲಿ ಕರಗುತ್ತದೆ. ಸರಕ್ಕನೆ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ರಕ್ತದಲ್ಲಿ ಗುಳ್ಳೆಗಳೇಳುತ್ತವೆ. ಅದಕ್ಕೇ ಏರುವಾಗ ಅಲ್ಲಲ್ಲಿ ನಿಂತು ನಿಂತು ಬರಬೇಕು. ಐದನೆಯದು ಬೆಳಕು. ಪ್ರತಿಯೊಬ್ಬರ ಬಳಿ ಕನಿಷ್ಠ ಮೂರು ದೀಪ ಇರಲೇಬೇಕು.

ಇವುಗಳ ಜೊತೆಗೆ ಇನ್ನೊಂದು ಒಪ್ಪಂದ ಇದೆ. ತಂಡದಲ್ಲಿ ಯಾರೇ ಆಗಲಿ, ಯಾವ ಕಾರಣಕ್ಕೇ ಆಗಲಿ, ‘ಸಾಕು, ತಿರುಗೋಣ’ ಎಂದು ಹೆಬ್ಬೆರಳು ಎತ್ತಿದರೆ ಎಲ್ಲರೂ ತಿರುಗಬೇಕು. ಏಕೆ ಎಂದು ಯಾರೂ ಕೇಳುವಂತಿಲ್ಲ, ಹೊರಗೆ ಬಂದ ಮೇಲೆ ಹಂಗಿಸುವಂತೆಯೂ ಇಲ್ಲ. ಇಲ್ಲಿ ಧೈರ್ಯ ಎಂದರೆ ಮುಂದೆ ನುಗ್ಗುವುದಲ್ಲ, ಹೊತ್ತಿಗೆ ಸರಿಯಾಗಿ ಹಿಂದಿರುಗುವುದು. ಇಷ್ಟೆಲ್ಲ ಕಲಿಸಿದ ಎಕ್ಸ್‌ಲೀ ಅವರೇ 1994ರಲ್ಲಿ ಮೆಕ್ಸಿಕೊದ ಸಕಟೋನ್ ಎಂಬ ಅತಿ ಆಳದ ನೀರ್ಗುಂಡಿಯಲ್ಲಿ ದಾಖಲೆಯ ಆಳಕ್ಕೆ ಇಳಿಯುವಾಗ ತೀರಿಕೊಂಡರು. ಎಷ್ಟೇ ನುರಿತವರಿಗೂ ನೀರು ರಿಯಾಯಿತಿ ಕೊಡುವುದಿಲ್ಲ.

ಥಾಯ್ಲೆಂಡಿನಲ್ಲಿ ಬದುಕಿಸಿದ ಹಗ್ಗ

ಈ ದಾರದ ಬೆಲೆ ಇಡೀ ಜಗತ್ತಿಗೆ ತಿಳಿದದ್ದು 2018ರಲ್ಲಿ, ಥಾಯ್ಲೆಂಡಿನಲ್ಲಿ. ಜೂನ್ 23ರಂದು ಫುಟ್‌ಬಾಲ್ ತಂಡವೊಂದರ 12 ಹುಡುಗರು ಮತ್ತು ಅವರ ಕೋಚ್ ಥಾಮ್ ಲುವಾಂಗ್ ಎಂಬ ಗುಹೆಯನ್ನು ನೋಡಲು ಹೋದರು. ಹುಡುಗರ ವಯಸ್ಸು 11ರಿಂದ 16. ಮಳೆ ಸುರಿದು ಗುಹೆಗೆ ನೀರು ನುಗ್ಗಿತು, ಹೊರಬರುವ ದಾರಿ ಮುಚ್ಚಿತು. ನೀರೆತ್ತುವ ಕೆಲಸಕ್ಕೆ ಸಲಹೆ ನೀಡಲು ಭಾರತದಿಂದ ಕಿರ್ಲೋಸ್ಕರ್ ಪಂಪ್ ಕಂಪನಿಯ ತಜ್ಞರೂ ಹೋಗಿದ್ದರು. ನಮ್ಮ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯಾಗಿ ಶುರುವಾದ ಸಂಸ್ಥೆ ಅದು.

ಜುಲೈ 2ರಂದು ಬ್ರಿಟನ್ನಿನ ರಿಕ್ ಸ್ಟ್ಯಾಂಟನ್ ಮತ್ತು ಜಾನ್ ವೊಲಾಂಥನ್ ಕೆಸರು ನೀರಿನಲ್ಲಿ ದಾರ ಬಿಚ್ಚುತ್ತ ಹೋದರು. ನೀರಿನಿಂದ ತಲೆ ಎತ್ತಿ ನೋಡಿದರೆ ಎದುರಿನ ದಿಬ್ಬದ ಮೇಲೆ 13 ಜನರೂ ಜೀವಂತ! ಆದರೆ ಹೊರತರುವುದು ಹೇಗೆ? ನುರಿತವರಿಗೇ ಕಷ್ಟವಾದ ಹಾದಿ ಅದು. ಜುಲೈ 6ರಂದು, ಗುಹೆಯೊಳಗೆ ಗಾಳಿಯ ಸಿಲಿಂಡರುಗಳನ್ನು ಇಟ್ಟುಬರುತ್ತಿದ್ದ ಥಾಯ್ ನೌಕಾಪಡೆಯ ಮಾಜಿ ಯೋಧ ಸಮನ್ ಕುನಾನ್ ಪ್ರಾಣ ತೆತ್ತರು.

ಕೊನೆಗೆ, ಸ್ವತಃ ಗುಹೆಯ ಮುಳುಗುಗಾರರೂ ಆಗಿರುವ ಆಸ್ಟ್ರೇಲಿಯಾದ ವೈದ್ಯ ರಿಚರ್ಡ್ ಹ್ಯಾರಿಸ್ ಹುಡುಗರಿಗೆ ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟರು. ನೀರಿನೊಳಗೆ ಅವರು ಹೆದರಿ ಒದ್ದಾಡಬಾರದು ಎಂಬುದು ಅದರ ಉದ್ದೇಶ. ಮುಖ ಪೂರ್ತಿ ಮುಚ್ಚುವ ಮುಖವಾಡ ತೊಡಿಸಿ, ಒಬ್ಬೊಬ್ಬ ಹುಡುಗನನ್ನು ಒಬ್ಬೊಬ್ಬ ಮುಳುಗುಗಾರ ಹಿಡಿದುಕೊಂಡು ಬಂದರು. ಒಂದು ಕೈಯಲ್ಲಿ ಹುಡುಗ, ಇನ್ನೊಂದು ಕೈಯಲ್ಲಿ ಹಗ್ಗ. ಒಬ್ಬರ ಕೈಯಿಂದ ಆ ಹಗ್ಗ ತಪ್ಪಿಯೇಹೋಯಿತು. ಏನೂ ಕಾಣದ ಕೆಸರಿನಲ್ಲಿ ಅವರು ಗಾಬರಿಯಾಗಲಿಲ್ಲ. ಒಂದು ಕೈಯಿಂದ ತಡಕಾಡಿ ತಡಕಾಡಿ ಹಳೆಯ ವಿದ್ಯುತ್ ತಂತಿಯೊಂದನ್ನು ಹಿಡಿದರು. ಅದು ಕರೆದೊಯ್ದದ್ದು ಹಿಂದಿನ ಕೋಣೆಗೇ. ಅಲ್ಲಿ ಕಾದು, ಹಿಂದಿನಿಂದ ಬಂದ ಗೆಳೆಯರ ನೆರವು ಪಡೆದರು. ಆ ಹುಡುಗನೂ ಬದುಕಿದ. ಜುಲೈ 10ರ ಹೊತ್ತಿಗೆ 13 ಜನರೂ ಹೊರಗೆ ಬಂದಿದ್ದರು.

ಕಪ್ಪು ಗುಂಡಿಯ ಹುಡುಗಿ

ಮತ್ತೆ ಯುಕಟಾನ್‌ಗೆ ಮರಳೋಣ. 2007ರಲ್ಲಿ ಆಲ್ಬರ್ಟೊ ನಾವಾ, ಅಲೆಹಾಂಡ್ರೊ ಆಲ್ವಾರೆಸ್, ಫ್ರಾಂಕೊ ಅಟೊಲಿನಿ ಎಂಬ ಮೂವರು ಸಾಕ್ ಆಕ್ತುನ್ ಜಾಲದ ಸುರಂಗವೊಂದರಲ್ಲಿ ದಾರ ಬಿಚ್ಚುತ್ತ ಹೊರಟಿದ್ದರು. ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರಬಹುದು. ಇದ್ದಕ್ಕಿದ್ದಂತೆ ಕೆಳಗಿನ ನೆಲವೇ ಮಾಯ! ದೀಪ ಕೆಳಗೆ ಹಿಡಿದರೆ ತಳ ಕಾಣದು, ಮುಂದೆ ಹಿಡಿದರೆ ಆಚೆಯ ಗೋಡೆ ಕಾಣದು. ಅವರು ಅದಕ್ಕೆ ‘ಓಯೊ ನೆಗ್ರೊ’ ಎಂದು ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಕಪ್ಪು ಗುಂಡಿ ಎಂದರ್ಥ. ಗಂಟೆಯ ಆಕಾರದ ಆ ಗುಂಡಿಯ ತಳ 50 ಮೀಟರಿಗೂ ಆಳದಲ್ಲಿದೆ.

ತಯಾರಿ ಮಾಡಿಕೊಂಡು ಮತ್ತೆ ಬಂದು ತಳಕ್ಕೆ ಇಳಿದಾಗ ಅಲ್ಲಿ ಮೂಳೆಗಳ ರಾಶಿ ಇತ್ತು. ಆನೆಯ ದೂರದ ನೆಂಟನಾದ ಗಾಂಫೋಥೀರ್, ಕತ್ತಿಯಂಥ ಕೋರೆಹಲ್ಲಿನ ಬೆಕ್ಕು, ನೆಲದ ಮೇಲೆ ಓಡಾಡುತ್ತಿದ್ದ ದೈತ್ಯ ಸ್ಲಾತ್. ಎಲ್ಲವೂ ಎಂದೋ ಅಳಿದುಹೋದ ಪ್ರಾಣಿಗಳು. ಅವುಗಳ ನಡುವೆ, ತಲೆಕೆಳಗಾಗಿ ಕೂತಿದ್ದ ಒಂದು ಪುಟ್ಟ ತಲೆಬುರುಡೆ. ಅದು ಮನುಷ್ಯರದು! ಹಲ್ಲುಗಳು ಇನ್ನೂ ಹಾಗೇ ಇದ್ದವು.

ಮಾನವಶಾಸ್ತ್ರಜ್ಞ ಜೇಮ್ಸ್ ಚಾಟರ್ಸ್ ಅವರ ನೇತೃತ್ವದ ತಂಡ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆಕೆಯ ಕಥೆಯನ್ನು ಪ್ರಕಟಿಸಿತು. ಆಕೆ 15–16 ವರ್ಷದ ಹುಡುಗಿ. ಎತ್ತರ ಐದು ಅಡಿಗಿಂತ ಕಡಿಮೆ. ಬದುಕಿದ್ದದ್ದು ಈಗ್ಗೆ 12,000ದಿಂದ 13,000 ವರ್ಷಗಳ ಹಿಂದೆ. ಗ್ರೀಕ್ ಪುರಾಣದ ಜಲಕನ್ಯೆಯರ ಹೆಸರನ್ನು ನೆನೆದು ಆಕೆಗೆ ನಾಯಾ ಎಂದು ಹೆಸರಿಟ್ಟರು. ಅಮೆರಿಕ ಖಂಡಗಳಲ್ಲಿ ಸಿಕ್ಕ ಅತಿ ಹಳೆಯ, ಬಹುಪಾಲು ಪೂರ್ತಿಯಾಗಿರುವ ಅಸ್ಥಿಪಂಜರಗಳಲ್ಲಿ ನಾಯಾಳದೂ ಒಂದು.

ನಾಯಾಳ ದವಡೆ ಹಲ್ಲಿನಿಂದ ಡಿಎನ್‌ಎ ತೆಗೆದು ನೋಡಿದರು. ಇಂದಿನ ಅಮೆರಿಕದ ಮೂಲನಿವಾಸಿಗಳಲ್ಲಿ ಕಾಣುವ ತಾಯಿವಂಶದ ಗುರುತೇ ಅದರಲ್ಲಿತ್ತು. ಸೈಬೀರಿಯ ಮತ್ತು ಅಲಾಸ್ಕಾ ನಡುವೆ ಆಗ ಸಮುದ್ರದಿಂದ ಮೇಲೆದ್ದಿದ್ದ ನೆಲದ ಮೂಲಕ ಅಮೆರಿಕಕ್ಕೆ ಬಂದ ಜನರ ಸಂತತಿ ಆಕೆ. ಒಂದು ಹಲ್ಲು ಇಷ್ಟು ದೂರದ ಪಯಣದ ಸುಳಿವು ಕೊಟ್ಟಿತು!

ಆದರೆ ನಾಯಾ ಅಲ್ಲಿಗೆ ಹೇಗೆ ಬಂದಳು? ಆಗ ಸುರಂಗ ಒಣಗಿತ್ತು, ಮೇಲೆ ಕುಡಿಯುವ ನೀರು ವಿರಳವಾಗಿತ್ತು. ನೀರು ಹುಡುಕುತ್ತ ಗುಹೆಯೊಳಗೆ ಬಂದಿರಬಹುದು ಎಂಬುದು ವಿಜ್ಞಾನಿಗಳ ಊಹೆ. ಕೈಯಲ್ಲಿ ಬಹುಶಃ ಒಂದು ಪಂಜು. ಸುರಂಗ ಮುಗಿದು ಗುಂಡಿ ಬಾಯ್ದೆರೆದದ್ದು ಕಾಣಲಿಲ್ಲ. ಆಕೆಯ ಸೊಂಟದ ಮೂಳೆ ಮುರಿದಿದೆ. ಎತ್ತರದಿಂದ ಬಿದ್ದ ಗುರುತು ಅದು. ಅದೇ ಕತ್ತಲಿನಲ್ಲಿ ದೈತ್ಯ ಪ್ರಾಣಿಗಳೂ ಬಿದ್ದಿದ್ದವು. ನಾಯಾಳಿಗೆ ಹೊರದಾರಿ ತೋರುವ ದಾರ ಇರಲಿಲ್ಲ.

ಮುಂದೆ, ಹೇಳದೆ ಕೇಳದೆ ಗುಂಡಿಗೆ ಇಳಿದವರಿಂದ ಮೂಳೆಗಳಿಗೆ ಧಕ್ಕೆಯಾಯಿತು. ಹಾಗಾಗಿ ನಾಯಾಳನ್ನು ಜೋಪಾನವಾಗಿ ಮೇಲೆತ್ತಿ ಸಂರಕ್ಷಿಸಲಾಯಿತು.

ಜಾಜಿನ ಗಣಿ, ಕಲ್ಲಿನ ಗುರುತು

ನಾಯಾಳ ಕಾಲದ ಎಲ್ಲರೂ ಹೀಗೆ ಗುರುತಿಲ್ಲದೆ ಹೋಗುತ್ತಿದ್ದರೇ? ಇಲ್ಲ ಎನ್ನುತ್ತದೆ 2020ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ. ಅದೇ ತೀರದ ಬೇರೆ ಗುಹೆಗಳಲ್ಲಿ ಮುಳುಗುಗಾರರಿಗೆ ನೆಲ ಅಗೆದ ಗುಂಡಿಗಳು, ಬೆಂಕಿ ಉರಿಸಿದ ಮಸಿ, ಕಲ್ಲಿನ ಉಪಕರಣಗಳು ಕಂಡವು. ಅದೊಂದು ಗಣಿ! ಜನ ಅಲ್ಲಿಂದ ಕೆಂಪು ಮಣ್ಣನ್ನು ಅಗೆದು ಒಯ್ಯುತ್ತಿದ್ದರು. ಮನೆಯ ಹೊಸ್ತಿಲಿಗೆ, ರಂಗೋಲಿಯ ಅಂಚಿಗೆ ನಮ್ಮಲ್ಲಿ ಜಾಜು, ಕೆಮ್ಮಣ್ಣು ಬಳಿಯುತ್ತಾರಲ್ಲ, ಅಂಥದೇ ಬಣ್ಣದ ಮಣ್ಣು. 12,000 ವರ್ಷಗಳ ಹಿಂದೆ ಶುರುವಾದ ಈ ಅಗೆತ ಸುಮಾರು 2,000 ವರ್ಷ ನಡೆದಿತ್ತು.

ಅದಕ್ಕಿಂತ ಸ್ವಾರಸ್ಯ ಇನ್ನೊಂದಿದೆ. ಆ ಸುರಂಗಗಳಲ್ಲಿ ಅಲ್ಲಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಪುಟ್ಟ ಗುಪ್ಪೆಗಳಿದ್ದವು. ಕಲ್ಲಿನ ತೊಂಗಲುಗಳನ್ನೂ ಮುರಿದಿಡಲಾಗಿತ್ತು. ದಾರಿ ತಪ್ಪದಿರಲು ಮಾಡಿಕೊಂಡ ಗುರುತುಗಳು ಅವು! ಇಂದಿನ ಮುಳುಗುಗಾರ ದಾರಕ್ಕೆ ಬಾಣ ಸಿಕ್ಕಿಸುವ ಸುರಂಗಗಳಲ್ಲೇ ಅಂದಿನವರು ಕಲ್ಲು ಪೇರಿಸಿ, ಮರಳುವ ದಾರಿಯನ್ನು ನೆನಪಿಟ್ಟುಕೊಂಡಿದ್ದರು.

ಕತ್ತಲಲ್ಲೂ ಬಾಳುವೆ

ಈ ಗುಹೆಗಳಲ್ಲಿ ಬದುಕಿರುವವರೂ ಇದ್ದಾರೆ. ಬೆಳಕೇ ಇಲ್ಲದಲ್ಲಿ ಕಣ್ಣೇಕೆ? ಇಲ್ಲಿನ ಕೆಲವು ಮೀನುಗಳಿಗೆ ಕಣ್ಣಿಲ್ಲ, ಮೈಗೆ ಬಣ್ಣವೂ ಇಲ್ಲ. ಶತಪದಿಯಂತೆ ಕಾಣುವ, ನೀರಲ್ಲಿ ಈಜುವ ರೆಮಿಪೀಡ್ ಎಂಬ ಕುರುಡು ಜೀವಿಯೂ ಇಲ್ಲಿದೆ. ಅದು ಸೀಗಡಿ, ಏಡಿಗಳ ಬಳಗದ್ದು. ಆ ಬಳಗದಲ್ಲಿ ವಿಷವುಳ್ಳದ್ದು ಎಂದು ಮೊದಲು ಸಾಬೀತಾದ ಜೀವಿ ಇದೇ.

ಗುಹೆಗಳ ಮೇಲಿನ ನೀರು ಸಿಹಿ, ಕೆಳಗಿನದು ಸಮುದ್ರದಿಂದ ನುಗ್ಗಿದ ಉಪ್ಪು ನೀರು. ಎರಡೂ ಸೇರುವ ಗಡಿಯಲ್ಲಿ ಸುಡುಬಿಸಿಲಿನ ರಸ್ತೆಯ ಮೇಲೆ ಗಾಳಿ ನಡುಗುವಂತೆ ನೋಟವೆಲ್ಲ ಕದಡುತ್ತದೆ. ಒಂದು ಮೀಟರ್ ಮೇಲೇರಿದರೆ ಮತ್ತೆ ತಿಳಿ.

ಈ ನೀರು ಗುಹೆಯಲ್ಲೇ ನಿಲ್ಲುವುದಿಲ್ಲ. ನಿಧಾನವಾಗಿ ಹರಿದು ಸಮುದ್ರದ ಹವಳದ ದಿಬ್ಬಗಳನ್ನು ಸೇರುತ್ತದೆ. ಮೇಲಿನ ಊರುಗಳ, ಹೋಟೆಲುಗಳ ಕೊಳಚೆ ನೆಲಕ್ಕಿಳಿದರೆ ಸೇರುವುದೂ ಇಲ್ಲಿಗೇ. ಪ್ರವಾಸಿಗರ ಮೈಯ ಕ್ರೀಮು ಕೂಡ ನೀರನ್ನು ಕೆಡಿಸುತ್ತದೆಂದು, ಅನೇಕ ಸೆನೋಟೆಗಳಲ್ಲಿ ಸ್ನಾನ ಮಾಡಿಯೇ ಇಳಿಯಬೇಕು. ಈಚೆಗೆ ಹಾಕಿದ ಮಾಯಾ ರೈಲುಮಾರ್ಗದ ಒಂದು ಭಾಗದಲ್ಲಿ ಕಂಬಗಳು ಗುಹೆಗಳ ಚಾವಣಿಯನ್ನು ತೂರಿ ಇಳಿದಿವೆ. ಅದನ್ನು ಮೊದಲು ಕಂಡು, ಚಿತ್ರ ತೆಗೆದು ಲೋಕಕ್ಕೆ ತೋರಿಸಿದವರಲ್ಲಿ ಈ ಮುಳುಗುಗಾರರೂ ಇದ್ದರು. ಕಾಲ ಕೆಳಗೆ ಏನಿದೆ ಎಂಬುದು ಬೇರೆ ಯಾರಿಗೆ ಗೊತ್ತು? ಅದರ ನಕ್ಷೆಯನ್ನು ದಾರ ಎಳೆಯುತ್ತ ಎಳೆಯುತ್ತ ಬರೆದವರು ಅವರೇ.

ನೀರಿನೊಳಗಿನ ಮಾತು

ನೀರಿನಲ್ಲಿ ಬಾಯಿ ಮಾತು ನಡೆಯದು. ಕೈ ಮತ್ತು ದೀಪವೇ ಭಾಷೆ.

● ಹೆಬ್ಬೆರಳು ಮತ್ತು ತೋರುಬೆರಳು ಕೂಡಿಸಿದ ಉಂಗುರ: ‘ಎಲ್ಲ ಸರಿ ಇದೆ.’

● ಹೆಬ್ಬೆರಳು ಮೇಲಕ್ಕೆ: ‘ಭೇಷ್’ ಅಲ್ಲ! ‘ಸಾಕು, ಹೊರಗೆ ಹೋಗೋಣ’ ಎಂದರ್ಥ.

● ದೀಪದ ಬೆಳಕನ್ನು ಗೋಡೆಯ ಮೇಲೆ ವೃತ್ತಾಕಾರ ತಿರುಗಿಸಿದರೆ: ‘ನಾನು ಚೆನ್ನಾಗಿದ್ದೇನೆ, ನೀನು?’

● ಬೆಳಕನ್ನು ಅತ್ತಿತ್ತ ಬೇಗ ಬೇಗ ಆಡಿಸಿದರೆ: ‘ಆಪತ್ತು, ತಕ್ಷಣ ಬಾ!’

● ಏನೂ ಕಾಣದಾದಾಗ: ಬೆರಳುಗಳ ಉಂಗುರದೊಳಗೆ ದಾರವನ್ನು ಹಿಡಿದು, ಮುಂದಿನವರ ತೋಳನ್ನೋ ಕಾಲನ್ನೋ ಮುಟ್ಟುತ್ತ ಸಾಲಾಗಿ ಹೊರಬರುವುದು. ಮುಂದೆ ತಳ್ಳಿದರೆ ‘ನಡೆ’, ಗಟ್ಟಿಯಾಗಿ ಒತ್ತಿ ಹಿಡಿದರೆ ‘ನಿಲ್ಲು’.